ಎಣ್ಣೆಗೆ ಕೊಟ್ಟ ಕೋಣೆ

ನನ್ನ ಗಂಡ ಯಾವುದನ್ನೂ ಅಂಗೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಕೈ ಮಗುಚಿ ಹಿಂಬದಿಯಿಂದ ಮುಟ್ಟುತ್ತಿದ್ದರು. ಗೋಡೆ, ಡಬ್ಬಿ, ಮಗಳ ಹಣೆ, ಮದುವೆಯಲ್ಲಿ ಎದುರಾದ ಬೀಗರ ತೋಳು, ಎಲ್ಲವನ್ನೂ ಹಾಗೇ. ಅಂಗೈ ದುಡಿದು ಬಿಸಿಯಾಗಿರುತ್ತದೆ, ಅದು ಸುಳ್ಳು ಹೇಳುತ್ತದೆ, ಹಿಂಬದಿ ಹೇಳುವುದಿಲ್ಲ ಎಂದು ಅವರ ನಂಬಿಕೆ. ಹೊರಗಿನಿಂದ ಬಂದರೆ ಮೊದಲು ನನ್ನ ಮುಖ ನೋಡುವವರಲ್ಲ. ಚಪ್ಪಲಿ ಬಿಟ್ಟು, ಪಡಸಾಲೆ ದಾಟಿ, ಹಿಂದಿನ ಕೋಣೆಯ ಗೋಡೆಗೆ ಮಗುಚಿದ ಕೈ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಗೋಡೆ ತಂಪಿದ್ದರೆ ಆಮೇಲೆ ನಾನು. "ಏನ್ ಮಾಡೀದಿ ಊಟಕ್ಕ?" ಎನ್ನುವರು. ಗೋಡೆ ಬಿಸಿಯಿದ್ದರೆ ಊಟದ ಮಾತೇ ಇಲ್ಲ. ಗೋಣಿಚೀಲ ತೋಯಿಸಿ ಕದಕ್ಕೆ ನೇತುಹಾಕುವ ಕೆಲಸ.

ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆದರೆ ನಡೆಯುತ್ತದೆ ಎಂದು ಮಗಳು ಅಂದಳು. ಹುಲ್ಲಪ್ಪ. ಇಳಕಲ್ಲಿನಲ್ಲಿ ಸಾಬೂನಿನ ಹುಲ್ಲಪ್ಪ ಎಂದರೆ ಯಾರಾದರೂ ಮನೆ ತೋರಿಸುತ್ತಿದ್ದರು.

ಅವರು ಮಾಡುತ್ತಿದ್ದದ್ದು ಎರಡೇ ಸಾಬೂನು. ಒಂದು ಮೈಗೆ, ಬೇವಿನೆಣ್ಣೆಯದು. ಇನ್ನೊಂದು ರೇಷ್ಮೆಗೆ. ಸೀರೆಯ ಸೆರಗಿಗೆ ಹೋಗುವ ರೇಷ್ಮೆಯ ಎಳೆಗೆ ಹುಟ್ಟಿನಿಂದಲೇ ಒಂದು ಅಂಟು ಇರುತ್ತದೆ. ಬಣ್ಣ ಹಾಕುವ ಮೊದಲು ಅದನ್ನು ಸಾಬೂನಿನ ನೀರಿನಲ್ಲಿ ಕುದಿಸಿ ತೆಗೆಯುತ್ತಾರೆ. ಸಾಬೂನು ಕೆಟ್ಟದ್ದಾದರೆ ಎಳೆ ಒಂದು ಕಡೆ ಬಣ್ಣ ಹಿಡಿಯುತ್ತದೆ, ಒಂದು ಕಡೆ ಬಿಡುತ್ತದೆ. ಆಮೇಲೆ ಏನು ಮಾಡಿದರೂ ಆ ಸೆರಗು ಸೆರಗಾಗುವುದಿಲ್ಲ. ಸಾಬೂನು ಕೆಡುವುದು ಕಡಾಯಿಯಲ್ಲಿ ಅಲ್ಲ, ಅದಕ್ಕಿಂತ ಆರು ತಿಂಗಳು ಮೊದಲು, ಎಣ್ಣೆ ಇಟ್ಟ ಜಾಗದಲ್ಲಿ ಎಂದು ಅವರು ಹೇಳುತ್ತಿದ್ದರು. ಹೇಳಿ ಹೇಳಿ ನನಗೆ ಬೇಸರ ಬಂದಿತ್ತು. ಈಗ ಹೇಳುವವರಿಲ್ಲ.

ನಡಿಗೆ ನೋಡಿದರೆ ಅವರ ಕಸುಬು ತಿಳಿಯುತ್ತಿತ್ತು. ಬರಿಗೈಯಲ್ಲಿ ಪೇಟೆಗೆ ಹೊರಟರೂ ತುಂಬಿದ ಡಬ್ಬಿ ಹಿಡಿದವರ ಹಾಗೆ, ತೋಳು ಬೀಸದೆ, ಹೆಜ್ಜೆ ಎತ್ತರಿಸದೆ, ನೆಲ ಸವರಿಕೊಂಡು ನಡೆಯುವರು. ಅವಸರ ಎಂಬುದೇ ಇಲ್ಲ. ಯಾರು ಏನು ಕೇಳಿದರೂ ಒಂದೇ ಮಾತು: "ಐದಾಗ್ಲಿ." ಸಂತೆಗೆ ಹೋಗೋಣವೇ ಎಂದರೆ ಐದಾಗ್ಲಿ. ಹಲ್ಲು ನೋಯುತ್ತದೆ ಎಂದರೆ ಐದಾಗ್ಲಿ. ಮಗಳನ್ನು ನೋಡಲು ಬಾದಾಮಿಯಿಂದ ಬೀಗರು ಬಂದು ಪಡಸಾಲೆಯಲ್ಲಿ ಕುಳಿತಿದ್ದಾಗ, ಮಾತುಕತೆ ಶುರು ಮಾಡೋಣವೇ ಎಂದು ಹಿರಿಯರು ಕೇಳಿದರೆ, ಇವರು ಬಾಯಿ ತಪ್ಪಿ "ಐದಾಗ್ಲಿ" ಅಂದುಬಿಟ್ಟರು. ಬೀಗರು ಅದು ಮುಹೂರ್ತವೆಂದು ತಿಳಿದು ಐದರವರೆಗೆ ಸುಮ್ಮನೆ ಕುಳಿತರು. ಎರಡು ಸಲ ಚಹಾ ಮಾಡಿದೆ.

ಐದು ಎಂದರೆ ಕದ ತೆರೆಯುವ ಹೊತ್ತು. ಬೇಸಿಗೆಯಲ್ಲಿ ಮುಂಜಾನೆ ಎಂಟರಿಂದ ಸಂಜೆ ಐದರವರೆಗೆ ಎಣ್ಣೆಯ ಕೋಣೆಯ ಕದ ತೆರೆಯುವಂತಿಲ್ಲ. ಇದು ನಮ್ಮ ಮನೆಯ ಕಾಯಿದೆ. ದೇವರು ಬಂದರೂ ಐದಾಗಬೇಕು.

ಆ ಕೋಣೆಯನ್ನು ನೀವು ನೋಡಿಲ್ಲ. ನಮ್ಮ ಮನೆ ಮೊದಲು ಪೂರ್ತಿ ಮಣ್ಣಿನ ಮಾಳಿಗೆಯದಾಗಿತ್ತು. ಮುಂದಿನ ಭಾಗ ಬಿದ್ದ ಮೇಲೆ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದೆವು. ಹಿಂದಿನ ಕೋಣೆ ಮಾತ್ರ ಹಾಗೇ ಉಳಿಯಿತು. ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ಮಣ್ಣು, ಕಿಟಕಿ ಇಲ್ಲ, ಕದ ಬಡಗಲಿಗೆ. ಒಳಗೆ ಬಲ್ಬು ಸಹ ಇಲ್ಲ, ಬೆಳಕು ಎಣ್ಣೆಯನ್ನು ಕೆಡಿಸುತ್ತದೆ ಎಂದು. ನೆಲಕ್ಕೆ ಉಸುಕು ಹಾಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಡಬ್ಬಿಗಳು: ಕೊಬ್ಬರಿ, ಬೇವು, ಹೊಂಗೆ, ಔಡಲ, ಕುಸುಬಿ. ಮೇ ತಿಂಗಳಲ್ಲಿ ನಾವು ಸ್ಲ್ಯಾಬಿನ ಕೆಳಗೆ ಬೇಯುತ್ತಿದ್ದೆವು. ಎಣ್ಣೆ ತಣ್ಣಗೆ ಮಲಗಿರುತ್ತಿತ್ತು. ಮನೆಯಲ್ಲಿ ತಂಪಾದ ಜಾಗ ಒಂದೇ, ಅದು ನಮ್ಮದಲ್ಲ.

ಹೀಗೇಕೆ ಎಂದರೆ ಕಾರಣವಿತ್ತು. ಹಳೇ ಬಾಗಲಕೋಟೆಯಲ್ಲಿ ಒಂದು ಸಣ್ಣ ಸಾಬೂನಿನ ಕಾರಖಾನೆಯಲ್ಲಿ ಅವರು ಕೆಲಸ ಕಲಿತದ್ದು. ಅಲ್ಲಿ ಹೊಳೆಯ ದಂಡೆ, ನೆಲದೊಳಗೆ ಕಟ್ಟಿದ ಉಗ್ರಾಣ. ಎಣ್ಣೆ ಹೇಗೆ ಇಟ್ಟರೂ ನಡೆಯುತ್ತಿತ್ತು. ಮುಳುಗಡೆಯಲ್ಲಿ ಅದೆಲ್ಲ ಹೋಯಿತು. ಇಳಕಲ್ಲಿಗೆ ಬಂದು ಸ್ವಂತ ಸಾಬೂನು ಶುರು ಮಾಡಿದ ಮೊದಲ ಬೇಸಿಗೆ, ಎಣ್ಣೆಯನ್ನು ತಗಡು ಹೊದಿಸಿದ ಪತ್ರಾಸಿನ ಶೆಡ್ಡಿನಲ್ಲಿ ಇಟ್ಟರು. ಮೂಸಿದರೆ ಒಳ್ಳೆಯದೇ ಅನ್ನಿಸುತ್ತಿತ್ತು. ಸಾಬೂನು ಮಾಡಿದರು. ಎರಡು ತಿಂಗಳಿಗೆ ಗಡ್ಡೆಗಳ ಮೇಲೆಲ್ಲ ಜಂಗಿನಂಥ ಕೆಂಪು ಚುಕ್ಕೆ ಎದ್ದವು, ಕಮಟು ವಾಸನೆ ಹೊಡೆಯಿತು. ಅಷ್ಟರಲ್ಲಿ ಬಣ್ಣಗಾರ ಜಲಾಲುದ್ದೀನನ ಮನೆಯಲ್ಲಿ ಅದರಿಂದ ಕುದಿಸಿದ ರೇಷ್ಮೆ ಪಟ್ಟೆ ಪಟ್ಟೆಯಾಗಿತ್ತು. ಜಲಾಲುದ್ದೀನನ ತಂದೆ ಉಳಿದ ಸಾಬೂನನ್ನು ಚೀಲದಲ್ಲಿ ಹೊತ್ತು ತಂದು ನಮ್ಮ ಅಂಗಳದಲ್ಲಿ ಸುರಿದರು. ಒಂದು ಮಾತೂ ಆಡಲಿಲ್ಲ. ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಇವರು ಆ ಗಡ್ಡೆಗಳ ನಡುವೆ ಕುಳಿತು ಕತ್ತಲಾಗುವ ತನಕ ಏಳಲಿಲ್ಲ. ಮರುದಿನ ನಾವು ಮಲಗುತ್ತಿದ್ದ ಹಿಂದಿನ ಕೋಣೆಯಿಂದ ನನ್ನ ಹಾಸಿಗೆ, ಟ್ರಂಕು, ಕೌದಿ ಎಲ್ಲ ಹೊರಗೆ ಬಂದವು. ಎಣ್ಣೆ ಒಳಗೆ ಹೋಯಿತು. ಇಪ್ಪತ್ತೆರಡು ವರ್ಷ ಒಳಗೇ ಇತ್ತು.

ಅವರ ಪರೀಕ್ಷೆಗಳು ನೂರು. ತಿಂಗಳಿಗೊಮ್ಮೆ ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ, ಬಿಸಿಲು ಕಂಡ ಅಂಗಿ ತೊಡದೆ ಬರಿಮೈಯಲ್ಲಿ ಒಳಗೆ ಹೋಗುವರು. ಪ್ರತಿ ಡಬ್ಬಿಯ ಮುಚ್ಚಳ ಎತ್ತಿ ಅದರ ಒಳಮೈಯನ್ನು ಮಗುಚಿದ ಬೆರಳಿನಿಂದ ಸವರುವರು. ಎಣ್ಣೆ ಕಾದು ಆರಿದರೆ ಮುಚ್ಚಳದ ಒಳಗೆ ನೀರಿನ ಹನಿ ಕೂರುತ್ತದೆ. ಡಬ್ಬಿ ಬೆವೆತಿದೆ ಎನ್ನುತ್ತಿದ್ದರು. ಆ ಹನಿ ಎಣ್ಣೆಗೆ ಬಿದ್ದರೆ ಕಮಟು ಶುರು. ನಾನು ಕದದ ಹೊರಗೆ ನಿಂತಿರುತ್ತಿದ್ದೆ. ಒಳಗಿನಿಂದ ಒಂದೊಂದೇ ಮಾತು ಬರುವುದು: "ಒಣಾ ಐತಿ. ಒಣಾ ಐತಿ. ಒಣಾ ಐತಿ." ಆ ಮಾತು ಕೇಳಿದರೆ ನನಗೂ ಎದೆ ಹಗುರ. ನನಗೂ ಕಲಿಸಿದ್ದರು.

"ಬೆವತಿತ್ತು ಅಂದ್ರ ಹೋತು, ಒಣಗಿತ್ತು ಅಂದ್ರ ಉಳೀತು. ಇಷ್ಟ ತಿಳಕೋ ಮಾಯವ್ವ, ಬ್ಯಾರೆ ಏನೂ ಬ್ಯಾಡ."

ನಾನು ತಿಳಿದುಕೊಂಡೆ. ಚೆನ್ನಾಗಿ ತಿಳಿದುಕೊಂಡೆ.

ಡಬ್ಬಿಯಲ್ಲಿ ಎಣ್ಣೆ ಇಳಿದರೆ ಮೇಲೆ ಗಾಳಿ ಸೇರುತ್ತದೆ, ಗಾಳಿಯೂ ಎಣ್ಣೆಗೆ ಆಗದು. ಅದಕ್ಕೊಂದು ಉಪಾಯ ಹುಡುಕಿದರು. ಗಾಜಿನ ಗೋಲಿಗಳನ್ನು ಕುದಿಸಿ ಒಣಗಿಸಿ ಡಬ್ಬಿಗೆ ಹಾಕುವುದು, ಎಣ್ಣೆ ಮತ್ತೆ ಬಾಯಿಗೆ ಬರುವ ತನಕ. ಓಣಿಯ ಮುತ್ತುರಾಜನ ಕಿರಾಣಿ ಅಂಗಡಿಗೆ ಹೋಗಿ ಇದ್ದ ಗೋಲಿಯನ್ನೆಲ್ಲ ಕೊಡು ಎಂದರಂತೆ.

"ಯಾಕ ಕಾಕಾ, ಈ ವಯಸ್ಸಿನಾಗ ಗೋಲಿ ಆಡಾಕ ಹೊಂಟೀರೇನ?"

"ಹೂನಪಾ, ಆಡಾಕ."

"ಯಾರ ಕೂಡ?"

"ಕುಸುಬಿ ಎಣ್ಣಿ ಕೂಡ. ಭಾಳ ಮೋಸ ಮಾಡ್ತೈತಿ ಅದು, ಆಟದಾಗ."

ಮುತ್ತುರಾಜ ನಗಲಿಲ್ಲ, ಹೆದರಿದ. ಸಂಜೆ ನನ್ನ ಹತ್ತಿರ ಬಂದು, "ಕಾಕೂ, ಕಾಕಾಗ ತಲಿ ಸರಿ ಐತಿಲ್ಲ?" ಎಂದು ಕೇಳಿದ. ಇದೆ ಎಂದೆ. ಇದ್ದಿದ್ದರೆ ಗೋಲಿ ಯಾಕೆ ಎಂದ.

ಕುಸುಬಿ ಎಣ್ಣೆಯ ಮೇಲೆ ಅವರಿಗೆ ಎಲ್ಲದಕ್ಕಿಂತ ಹೆಚ್ಚು ಕಾಳಜಿ. ಎಳೆಗೂಸಿನ ಜಾತಿ ಅದು, ಮುಟ್ಟಿದರೆ ಅಳುತ್ತದೆ, ಬಿಟ್ಟರೂ ಅಳುತ್ತದೆ ಎನ್ನುವರು. ಬೇರೆ ಎಣ್ಣೆ ವರ್ಷ ತಡೆದರೆ ಇದು ಮೂರು ತಿಂಗಳಿಗೆ ಮುಖ ತಿರುಗಿಸುತ್ತದೆ. ಆದರೆ ರೇಷ್ಮೆಯ ಸಾಬೂನಿಗೆ ಅದು ಸ್ವಲ್ಪವಾದರೂ ಬೇಕು, ಎಳೆ ಮೆತ್ತಗಾಗುತ್ತದೆ ಎಂದು ಅವರ ಹಟ.

ಹಟಕ್ಕೆ ಅವರೇ ಸೈ. ಮದುವೆಯಲ್ಲಿ ನನ್ನ ತಾಯಿ ಕೊಟ್ಟ ಹಿತ್ತಾಳೆಯ ಸೌಟನ್ನು ಒಮ್ಮೆ ತಿಳಿಯದೆ ಕೊಬ್ಬರಿ ಎಣ್ಣೆಗೆ ಅದ್ದಿದೆ. ಹಿತ್ತಾಳೆ, ತಾಮ್ರ ತಗುಲಿದರೆ ಎಣ್ಣೆ ಬೇಗ ಕೆಡುತ್ತದೆ. ಸೌಟನ್ನು ಕಸಿದು ಹಿತ್ತಲಿಗೆ ಎಸೆದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಬಸ್ಸು ಹತ್ತಿ ಕಲಾದಗಿಗೆ ನನ್ನ ತವರಿಗೆ ಹೋಗಿ, ತಾಯಿಯ ಮುಂದೆ ಕುಳಿತು, "ಅತ್ತಿ, ನಿಮ್ಮ ಸೌಟ ಒಗದೇನಿ, ತಪ್ಪಾತು" ಎಂದು ಹೇಳಿ ಬಂದರಂತೆ. ನನಗೆ ಹೇಳಲಿಲ್ಲ. ತಾಯಿಯೇ ಹೇಳಿ ನಕ್ಕಳು. ಸೌಟು ಮಾತ್ರ ಮನೆಯೊಳಗೆ ಬರಲಿಲ್ಲ.

ಒಮ್ಮೆ ಬಸುರಿಯೊಬ್ಬಳ ಕುಬಸದ ಕಾರ್ಯದಲ್ಲಿ ಹೆಂಗಸರೆಲ್ಲ ಸೇರಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ನನ್ನ ಬೆನ್ನು ಬಿದ್ದರು. ಒಡಪಿನಲ್ಲಾದರೆ ಹೆಸರು ಹೇಳಬಹುದು. ನಾನು ಹೇಳಿದೆ:

"ಕೊಬ್ರಿ ಎಣ್ಣಿ ಥಂಡಿಗೆ ಗಟ್ಟಿ, ಬಿಸಲಿಗೆ ನೀರಾ,
ನಮ್ಮ ಹುಲ್ಲಪ್ಪನವ್ರ ಹಟಾ ಕರಗಿಸಾವ್ರು ಯಾರಾ?"

ಬಿದ್ದು ಬಿದ್ದು ನಕ್ಕರು. ಇಳಕಲ್ಲಿನ ಓಣಿಗಳಲ್ಲಿ ಅದು ಬಹಳ ದಿನ ತಿರುಗಾಡಿತು. ಇವರ ಕಿವಿಗೂ ಬಿತ್ತು. "ಖರೇನ ಹೇಳೀದಿ" ಅಂದರು, ಅಷ್ಟೇ.

ಮಗಳು ಜಯಶ್ರೀ ಹುಟ್ಟಿದ್ದು ಬೇಸಿಗೆಯಲ್ಲಿ. ಎಣ್ಣೆ ಒಳಗೆ ಹೋದ ಮರುವರ್ಷ. ಒಂದೂವರೆ ತಿಂಗಳ ಕೂಸಿಗೆ ಮೈತುಂಬ ಬೆವರುಸಾಲೆ ಎದ್ದು, ಹಾಲು ಬಿಟ್ಟು, ಅತ್ತು ಅತ್ತು ದನಿ ಕಟ್ಟಿತು. ನಾನು ಕೇಳಿದೆ.

"ಕೂಸಿನ್ನ ಎಣ್ಣಿ ಖೋಲಿಯಾಗ ಹಾಕೂಣ್ರಿ. ಒಂದ ತಾಸು. ನಿಮ್ಮ ಕಾಲ ಬೀಳ್ತೇನಿ."

"ಕೂಸು ಒಳಗ ಹೋದ್ರ ನೀ ಹೋಗ್ತಿ. ನೀ ಹೋದ್ರ ಕದಾ ಹತ್ತ ಸಲ ತೆರೀತೈತಿ. ಐದಾಗ್ಲಿ."

ಅವತ್ತು ಅವರನ್ನು ಶಪಿಸಿದೆ. ಆದರೆ ಅವರು ಕೆಲಸಕ್ಕೆ ಹೋಗಲಿಲ್ಲ. ಬೇವಿನ ಗಿಡದ ಕೆಳಗೆ ಕೂಸನ್ನು ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ, ಬೀಸಣಿಕೆ ಹಿಡಿದು ಕುಳಿತರು. ಮಧ್ಯಾಹ್ನವೆಲ್ಲ ಬೀಸಿದರು. ಮೂರು ದಿನ. ನಾನು ಕೊಡಿ ಎಂದರೂ ಬೀಸಣಿಕೆ ಕೊಡಲಿಲ್ಲ. ತೋಳು ಬಾತು ಮೇಲೆತ್ತಲು ಬರದಂತಾಯಿತು. ನಾಲ್ಕನೆಯ ದಿನ ಕೂಸು ಹಾಲು ಕುಡಿಯಿತು. ನಾನು ಅವರ ತೋಳಿಗೆ ಎಣ್ಣೆ ತಿಕ್ಕಿದೆ. ನನ್ನ ತಪ್ಪಿನ ಬೇರು ಇಲ್ಲಿದೆ. ಕದ ತೆರೆಯದಿದ್ದರೂ ಏನೂ ಆಗುವುದಿಲ್ಲ, ಐದರ ತನಕ ಎಲ್ಲರೂ ತಡೆಯುತ್ತಾರೆ ಎಂದು ನಾನು ಅವತ್ತು ಕಲಿತೆ.

ಹೋದ ವರ್ಷ ಮೇ ತಿಂಗಳು. ಕುಳಗೇರಿ ಕ್ರಾಸಿನಲ್ಲಿ ಅಮೀನಸಾಬರ ಎಣ್ಣೆಗಾಣವಿದೆ. ಬೀಜವನ್ನು ಹುರಿಯದೆ, ಕಾಯಿಸದೆ ಹಿಂಡಿ ಕೊಡುವವರು ಅವರೊಬ್ಬರೇ ಎಂದು ಇವರು ಕುಸುಬಿ ಎಣ್ಣೆಗೆ ಅಲ್ಲಿಗೇ ಹೋಗುತ್ತಿದ್ದರು. ಮೊದಲ ದಿನ ಸಂಜೆ ಹೋಗಿ, ಮರುದಿನ ಮೊದಲನೆಯ ಬಸ್ಸಿಗೆ ಹೊರಟರೆ ಬಿಸಿಲು ಏರುವ ಮೊದಲು ಎಣ್ಣೆ ಮನೆಗೆ ಬರುತ್ತಿತ್ತು. ಊರಿಗೆ ಹೋಗುವಾಗ ಕೋಣೆಯ ಕೀಲಿಕೈ ನನ್ನ ಸೊಂಟಕ್ಕೆ.

ಆ ಸಲ ಅಲ್ಲಿ ಕರೆಂಟು ಇರಲಿಲ್ಲ. ಗಾಣ ತಿರುಗಿದ್ದು ಮುಂಜಾನೆ. ಎಣ್ಣೆ ಡಬ್ಬಿಗೆ ಬೀಳುವಾಗ ಹತ್ತು ದಾಟಿತ್ತು. ಆಮೇಲೆ ಅಮೀನಸಾಬರು ನಮ್ಮ ಪಡಸಾಲೆಯಲ್ಲಿ ಕುಳಿತು ಅಳುತ್ತ ಹೇಳಿದ್ದು ಇದು:

"ಉಂಡು ಮಲ್ಕೋ, ಬಿಸಲ ಇಳದ ಮ್ಯಾಲೆ ಹೋಗು ಅಂದ್ನಿ ತಂಗಿ. ನಿಮ್ಮ ಪತ್ರಾಸ್ ಶೆಡ್ಡಿನಾಗ ಸಂಜಿತನಾ ಇಟ್ರ ಎಣ್ಣಿ ಉಳೀತೈತೇನ್ರಿ ಅಂದ. ಎಣ್ಣಿ ನಂದೂ ಅಲ್ಲೇನಪಾ, ನಾ ಕೆಡಾಕ ಬಿಡ್ತೀನೇನ ಅಂದ್ರ, ನಕ್ಕು ಬಸ್ ಹತ್ತಿದ."

ಎರಡು ಬಸ್ಸು ಬದಲಿಸಿ ಎರಡೂವರೆಗೆ ಮನೆಗೆ ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ತಲೆ ಬರಿದು. ತಲೆಯ ಟವೆಲ್ ಡಬ್ಬಿಯ ಸುತ್ತ ಇತ್ತು, ತೊಯ್ದು ನೀರು ಇಳಿಯುತ್ತಿತ್ತು. ಕುಡಿಯಲು ಒಯ್ದ ಬಾಟಲಿ ಖಾಲಿ. ದಾರಿಯುದ್ದಕ್ಕೂ ನೀರು ಯಾರಿಗೆ ಹೋಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಅಲ್ರೀ, ಟವೆಲ್ಲ ತಲೀಗೆ ಕಟ್ಟೂದೋ ಡಬ್ಬಿಗೋ?"

"ತಲಿ ಕೆಟ್ಟು ಭಾಳ ದಿನಾ ಆತು. ಎಣ್ಣಿ ಹೊಸಾದು."

ನಾನು ನಕ್ಕೆ. ನಕ್ಕದ್ದು ನೆನಪಿದೆ.

ಡಬ್ಬಿಯನ್ನು ಕೋಣೆಯ ಕದದ ಪಕ್ಕ ನೆರಳಿಗೆ ಇಟ್ಟು, ಮಗುಚಿದ ಕೈಯಿಂದ ಮುಟ್ಟಿ ನೋಡಿ, ಅದರ ಪಕ್ಕವೇ ಗೋಡೆಗೆ ಆನಿಸಿ ಕುಳಿತರು. ಮುಖ ಸುಟ್ಟ ಇಟ್ಟಿಗೆಯ ಹಾಗೆ. ಅಂಗಿ ಮೈಗೆ ಅಂಟಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ತಂಬಿಗೆ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಉಳಿದದ್ದನ್ನು ಟವೆಲಿನ ಮೇಲೆ ಸುರಿದರು.

"ನೀವ್ ಕುಡೀರಿ!"

"ಅದಕ್ಕೂ ಬೇಕಲ್ಲ."

"ಮೈ ಕಾದ ಹಂಚ ಆಗೇತಿ. ಕದಾ ತೆಗೀತೇನಿ, ಒಳಗ ಹೋಗಿ ಅಡ್ಡಾಗ್ರಿ." ಕೀಲಿಕೈ ಕೈಗೆ ತೆಗೆದುಕೊಂಡೆ.

"ಹುಚ್ಚಿ. ಬಿಸಲ ತುಂಬಿದ ಮೈ ಒಳಗ ಒಯ್ದ್ರ ಗ್ವಾಡಿ ತಂಪೆಲ್ಲಾ ಹೋಗತೈತಿ. ಐದಾಗ್ಲಿ."

ಕೀಲಿಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದೆ.

ಕರೆಂಟು ನಮ್ಮಲ್ಲೂ ಇರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಇಟ್ಟೆ. ಬೀಸಿದೆ. ಅವರ ಹಾಗೆ ಬೀಸಲು ನನಗೆ ಬರುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಬಟ್ಟೆ ತೆಗೆದು, ಅವರು ಕಲಿಸಿದ ಹಾಗೇ ಕೈ ಮಗುಚಿ ಹಣೆ ಮುಟ್ಟಿದೆ. ಬಿಸಿಯಿತ್ತು, ಆದರೆ ಒಣಗಿತ್ತು. ಕುತ್ತಿಗೆ ಮುಟ್ಟಿದೆ. ಒಣಗಿತ್ತು. ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿದೆ. ಒಂದು ಹನಿಯೂ ಇಲ್ಲ.

ನನ್ನ ಎದೆ ಹಗುರಾಯಿತು.

"ಒಣಾ ಐತ್ರಿ," ಎಂದೆ. "ಛಲೋ ಆತು. ಜಳ ಇಳೀತು."

ಇಪ್ಪತ್ತೆರಡು ವರ್ಷ ಕದದ ಹೊರಗೆ ನಿಂತು ಕೇಳಿದ ಮಾತು ಅದು. ಒಣಗಿದ್ದರೆ ಉಳಿಯಿತು. ಡಬ್ಬಿಗೆ ಹೇಳಿದ ಮಾತು ಮನುಷ್ಯನಿಗೆ ತಿರುವುಮುರುವು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ನಾಲ್ಕನೆಯ ಇಯತ್ತೆ ಕಲಿತವಳು. ಆದರೆ ಇದಕ್ಕೆ ಶಾಲೆ ಬೇಕಿರಲಿಲ್ಲ, ಮುಖ ನೋಡಿದ್ದರೆ ಸಾಕಿತ್ತು. ನಾನು ಕೈ ನೋಡಿಕೊಂಡೆ. ಧೈರ್ಯವಾಗಿ ಎದ್ದು ಮಜ್ಜಿಗೆ ಮಾಡಲು ಒಳಗೆ ಹೋದೆ. ಜೀರಿಗೆ ಸಹ ಕುಟ್ಟಿ ಹಾಕಿದೆ. ಅಷ್ಟು ನಿಶ್ಚಿಂತೆ ನನಗೆ.

ಬಂದು ನೋಡಿದರೆ ಅವರು ಡಬ್ಬಿಯ ಮೇಲೆ ಕೈಯಿಟ್ಟು ಎದುರಿನ ಗೋಡೆ ನೋಡುತ್ತಿದ್ದರು.

"ಮಜ್ಜಿಗಿ ಕುಡೀರಿ."

"ಹೊಳಿ ಎಷ್ಟ ದೂರ ಐತಿ?"

"ಯಾವ ಹೊಳ್ರಿ?"

"ಉಗ್ರಾಣದ ಹಿಂದಿಂದು. ನೀರ ಒಳಗ ಬಂದೈತೇನ ನೋಡ. ಡಬ್ಬಿ ತೇಲಾಕತ್ತಾವು."

ಹಳೇ ಬಾಗಲಕೋಟೆಯ ಕನಸು ಕಾಣುತ್ತಿದ್ದಾರೆ ಎಂದುಕೊಂಡೆ. ದಣಿದಿದ್ದಾರೆ, ಮಲಗಲಿ ಎಂದುಕೊಂಡೆ. ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಇನ್ನೊಂದು ತಾಸು, ಆಮೇಲೆ ಕದ ತೆರೆದು ಒಳಗೇ ಹಾಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಕಾಲು ಸೆಟೆದು ಡಬ್ಬಿಗೆ ಬಡಿಯಿತು. ಡಬ್ಬಿ ಉರುಳಲಿಲ್ಲ. ಅವರು ಉರುಳಿದರು.

ನನ್ನ ಕೂಗಿಗೆ ಜಲಾಲುದ್ದೀನ ಓಡಿ ಬಂದ. ಟಂಟಂ ತರಿಸಿ ದವಾಖಾನೆಗೆ ಒಯ್ದೆವು. ಸಣ್ಣ ವಯಸ್ಸಿನ ಡಾಕ್ಟರಮ್ಮ, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಮೈಗೆಲ್ಲ ಐಸು ಹಚ್ಚಿಸುತ್ತ ಅವಸರದಲ್ಲಿ ಕೇಳಿದಳು.

"ಬೆವರು ಯಾವಾಗ ನಿಂತಿತವ್ವಾ?"

"ಮೂರಕ್ಕ ನಿಂತೈತ್ರಿ," ಎಂದೆ. ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದೆ. "ಆಮ್ಯಾಲೆ ಒಂದ ಹನೀನೂ ಬಂದಿಲ್ರಿ. ಒಣಗೇ ಅದಾರ."

ಅವಳು ನನ್ನ ಮುಖ ನೋಡಿದಳು. ಮತ್ತೆ ಐಸಿಗೆ ಕೈ ಹಾಕಿದಳು. ಆಗ ನನಗೆ ತಿಳಿಯಿತು, ಕಾದ ಮೈಯಲ್ಲಿ ಬೆವರು ನಿಂತರೆ ಅದು ಉಳಿಯುವ ಗುರುತಲ್ಲ.

ಐದೂ ಕಾಲಿಗೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಆಯಸ್ಸು ಅಷ್ಟೇ ಇತ್ತು ಎಂದರು. ಮನೆದೇವರು ಬೀರಪ್ಪ ಕರೆದ ಎಂದರು. ಬಿಸಿಲಿಗೆ ಬಹಳ ಜನ ಹೋಗುತ್ತಿದ್ದಾರೆ ಎಂದರು. ನಾನು ಯಾರಿಗೂ ಕೀಲಿಕೈಯ ವಿಷಯ ಹೇಳಲಿಲ್ಲ. ಬೆವರಿನ ವಿಷಯವನ್ನೂ ಹೇಳಲಿಲ್ಲ. ಮಗಳಿಗೂ ಹೇಳಿಲ್ಲ. ಇಲ್ಲಿ ಮೊದಲ ಸಲ ಹೇಳಿದ್ದೇನೆ.

ನಾಲ್ಕನೆಯ ದಿನ, ನೆತ್ತಿಯ ಮೇಲೆ ಸೂರ್ಯ ಇರುವಾಗ, ಕದ ತೆರೆದೆ. ಒಳಗೆ ಹೋಗಿ ಉಸುಕಿನ ಮೇಲೆ ಕುಳಿತೆ. ಇಪ್ಪತ್ತೆರಡು ವರ್ಷದಲ್ಲಿ ಮಧ್ಯಾಹ್ನ ಆ ಕೋಣೆಯಲ್ಲಿ ಕುಳಿತವರು ಯಾರೂ ಇಲ್ಲ. ಎಷ್ಟು ತಂಪಿತ್ತೆಂದರೆ ಸ್ವಲ್ಪ ಹೊತ್ತಿಗೆ ಸೆರಗು ಹೊದ್ದುಕೊಂಡೆ. ಹೊದ್ದುಕೊಂಡ ಮೇಲೆ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಆಮೇಲೆ ಹೊರಗಿದ್ದ ಡಬ್ಬಿಯನ್ನು ನೋಡಿದೆ. ಗದ್ದಲದಲ್ಲಿ ಯಾರೂ ಅದನ್ನು ಒಳಗೆ ಇಟ್ಟಿರಲಿಲ್ಲ. ನಾಲ್ಕು ದಿನ, ನಾಲ್ಕು ಮಧ್ಯಾಹ್ನ, ಸ್ಲ್ಯಾಬಿನ ಕೆಳಗಿನ ಬೇಗೆಯಲ್ಲಿ ಇತ್ತು. ಟವೆಲ್ ಒಣಗಿ ಬಿರುಸಾಗಿತ್ತು. ಮುಚ್ಚಳ ತೆಗೆದು ಮೂಸಿದೆ. ಬೀಜದ ಹಸಿ ವಾಸನೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಕೆಟ್ಟಿರಲಿಲ್ಲ. ಅಮೀನಸಾಬರ ಗಾಣದಿಂದ ಆಗ ತಾನೇ ಬಂದ ಹಾಗಿತ್ತು.

ನಾಲ್ಕು ದಿನ ತಡೆದ ಎಣ್ಣೆ ಎರಡು ತಾಸು ತೆರೆದ ಕದವನ್ನು ತಡೆಯುತ್ತಿರಲಿಲ್ಲವೇ? ಇದನ್ನು ನಾನು ಯಾರಿಗೆ ಕೇಳಲಿ. ಉತ್ತರ ಗೊತ್ತಿದ್ದವರು ಒಬ್ಬರೇ.

ಅಂದಿನಿಂದ ಕದ ಹಾಕಿಲ್ಲ. ಬಿಸಿಲು ಬಂತು, ಧೂಳು ಬಂತು, ಬೆಕ್ಕು ಬಂದು ಮರಿ ಹಾಕಿತು. ತಿಂಗಳ ಮೇಲೆ ಜಲಾಲುದ್ದೀನ ಬಂದು ಕದದ ಮುಂದೆ ನಿಂತ.

"ವೈನಿ, ಕದಾ ಹಾಕ್ರಿ. ಎಣ್ಣಿ ಕೆಡತೈತಿ."

"ಕೆಡ್ಲಿ."

"ಹಾಂಗನಬ್ಯಾಡ್ರಿ. ಅವ ಕಾದ ಎಣ್ಣಿ ಅದು. ಇನ್ನೊಂದ ಸಲಾ ಸಾಬಾಣ ಮಾಡೂಣು. ನೀವು ಹೇಳ್ರಿ, ನಾ ಕಡಾಯಿ ಇಡ್ತೇನಿ. ಹುಲ್ಲಪ್ಪ ಇದ್ದಿದ್ರ..."

"ಇದ್ದಿದ್ರ ಹಾಕ್ತಿದ್ನಿ."

ಅವನು ತಲೆ ತಗ್ಗಿಸಿ ಹೋದ. ಒಳ್ಳೆಯವನು. ಈಗ ಅಂಗಡಿಯ ಸಾಬೂನು ತರುತ್ತಾನೆ, ಬಣ್ಣ ಸರಿ ಹಿಡಿಯುವುದಿಲ್ಲ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಮೊದಲು ಕುಸುಬಿ ಹೋಯಿತು. ದಸರೆಯ ಹೊತ್ತಿಗೆ ಬೇವು, ಹೊಂಗೆ ಒಂದಕ್ಕೊಂದು ಸೇರಿ ಕಮಟು ಏಳಿಸಿ ಮನೆ ತುಂಬಿದವು. ಕೊಬ್ಬರಿ ಬಹಳ ದಿನ ತಡೆಯಿತು, ಈ ಬೇಸಿಗೆಗೆ ಅದೂ ಬಿಟ್ಟಿತು. ಎಲ್ಲ ಕೆಟ್ಟರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ ಎಂದು ತಿಳಿದಿದ್ದೆ. ಆಗಲಿಲ್ಲ. ಮಗಳು ಬಾದಾಮಿಗೆ ಕರೆದುಕೊಂಡು ಹೋದಳು. ಎಂಟು ದಿನ ಇದ್ದೆ. ಅವರ ಮನೆಯಲ್ಲಿ ಮಧ್ಯಾಹ್ನ ಎಲ್ಲ ಕದಗಳೂ ತೆರೆದಿರುತ್ತವೆ. ಅದನ್ನು ನೋಡುತ್ತ ಕುಳಿತಿರಲು ನನ್ನಿಂದ ಆಗಲಿಲ್ಲ, ವಾಪಸು ಬಂದೆ. ಸೀರೆಯಲ್ಲಿ, ಕೂದಲಲ್ಲಿ, ಮಾಡಿದ ರೊಟ್ಟಿಯಲ್ಲಿ ಈಗ ಕಮಟು ಇದೆ. ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮುಚ್ಚಿಕೊಳ್ಳುವುದಿಲ್ಲ.

ಇಂಥವರು ಊರಿಗೊಬ್ಬರು ಇರುತ್ತಾರೆ. ಬಿತ್ತನೆಯ ಬೀಜ ಕಾಯುವವನು, ಮಂದಿಯ ದನ ಕಾಯುವವನು, ಗುಡಿಯ ಬೆಳ್ಳಿ ಕಾಯುವವನು. ತಮ್ಮ ಕೈಗೆ ಬಂದದ್ದು ತಮ್ಮ ಕೈಯಲ್ಲಿ ಕೆಡಬಾರದು, ಅವರಿಗೆ ಬೇಕಾದದ್ದು ಅಷ್ಟೇ. ಕೆಟ್ಟವರಲ್ಲ. ಅವರಷ್ಟು ನಂಬಿಗಸ್ತರು ಸಿಗುವುದಿಲ್ಲ. ಆದರೆ ಲೋಕದಲ್ಲಿ ಕೆಡುವ ವಸ್ತು ಯಾವ ಯಾವುದು ಎಂದು ಅವರನ್ನು ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ, ತಮ್ಮ ಮೈಯೊಂದನ್ನು ಬಿಟ್ಟು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿರುತ್ತಾರೆ. ಬಿಟ್ಟಿದ್ದೇವೆ ಎಂದು ಹೇಳುವುದೂ ಇಲ್ಲ, ಅವರಿಗೇ ಅದು ತಿಳಿದಿರುವುದಿಲ್ಲ. ಅದಕ್ಕೇ ಇಂಥವರ ಮನೆಯಲ್ಲಿ ಅವರ ಮಾತು ಮೀರುವವರು ಒಬ್ಬರಾದರೂ ಇರಬೇಕು. ಬೈಸಿಕೊಳ್ಳಲಿ, ಮಾತು ಬಿಡಿಸಿಕೊಳ್ಳಲಿ, ಜನ್ಮವಿಡೀ ಕೆಟ್ಟವರೆನ್ನಿಸಿಕೊಳ್ಳಲಿ, ಮೀರಬೇಕು.

ನಮ್ಮ ಮನೆಯಲ್ಲಿ ಇದ್ದವಳು ನಾನೊಬ್ಬಳೇ. ನಾನು ಮಾತು ಕೇಳಿದೆ.